ಹಡಗಿನ ರಜೆ, ತಾಯಿಯ ನಿದ್ದೆ

ಪುಸ್ತಕವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ. ಮದುವೆಯ ಊಟವನ್ನಂತೂ ಕೈ ತೊಳೆಯುವ ಮೊದಲೇ ವಿಮರ್ಶಿಸಿಬಿಡುತ್ತೇವೆ. ಆದರೆ ರಜೆಯನ್ನು ಯಾರೂ ವಿಮರ್ಶಿಸುವುದಿಲ್ಲ. ಹೋಗಿ ಬಂದವರು ಫೋಟೋ ತೋರಿಸುತ್ತಾರೆ, ನೋಡಿದವರು 'ಛಲೋ ಆತು ಬಿಡ್ರಿ' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಷ್ಟು ದುಡ್ಡು ಸುರಿದ ಮೇಲೆ ಕುಂದು ಹೇಳಲು ಯಾರಿಗೆ ಮನಸ್ಸು ಬಂದೀತು? ಕಳೆದ ಡಿಸೆಂಬರಿನಲ್ಲಿ ಮಗಳು, ಅಳಿಯ ಮತ್ತು ಇಬ್ಬರು ಮೊಮ್ಮಕ್ಕಳೊಡನೆ ಮುಂಬಯಿಯಿಂದ ಗೋವೆಗೆ ವಿಹಾರದ ಹಡಗಿನಲ್ಲಿ ಹೋಗಿ ಬಂದೆ. ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಮೂರು. ಖರ್ಚು ನನ್ನದಲ್ಲವಾದ್ದರಿಂದ ವಿಮರ್ಶೆಯ ಧೈರ್ಯ ನನಗಿದೆ.

ಬಾದಾಮಿಯವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮಲ್ಲಿ ಇರುವುದು ಅಗಸ್ತ್ಯತೀರ್ಥ, ಸ್ವಲ್ಪ ದೂರದಲ್ಲಿ ಮಲಪ್ರಭೆ. ಆದರೂ ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ ರವಿಕೀರ್ತಿ ನಮ್ಮ ಇಮ್ಮಡಿ ಪುಲಕೇಶಿಯ ಹಡಗುಗಳನ್ನು ಆನೆಗಳಿಗೆ ಹೋಲಿಸಿದ್ದಾನೆ. ನೂರಾರು ಹಡಗುಗಳೊಡನೆ ಪುಲಕೇಶಿ ಮುತ್ತಿದ ಪುರಿ ಎಂಬ ಪಟ್ಟಣ ಮುಂಬಯಿಯ ಬಳಿಯ ಘಾರಾಪುರಿಯೇ, ಎಲಿಫೆಂಟಾ ದ್ವೀಪವೇ ಎಂದು ಹಲವು ವಿದ್ವಾಂಸರ ಮತ. ಮೂವತ್ತು ವರ್ಷ ಇದನ್ನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಹಡಗು ಬಂದರು ಬಿಡುವಾಗ ಮೊಮ್ಮಗಳಿಗೆ ಆ ದ್ವೀಪದ ದಿಕ್ಕನ್ನು ತೋರಿಸಿ ಪುಲಕೇಶಿಯ ಕಥೆ ಶುರು ಮಾಡಿದೆ. ಅಷ್ಟರಲ್ಲಿ ಮೇಲಿನ ಅಂತಸ್ತಿನಲ್ಲಿ ಹಾಡು ಗದ್ದರಿಸತೊಡಗಿತು. ಪುಲಕೇಶಿ ಸೋತ.

ಕನ್ನಡದಲ್ಲಿ ಹಡಗಿನ ಬರವಣಿಗೆ ಇಲ್ಲವೆಂದಲ್ಲ. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. ಆ ಪ್ರಯಾಣದ ಫಲವಾಗಿ 1940ರಲ್ಲಿ 'ಸಮುದ್ರಗೀತೆಗಳು' ಬಂತು. ಓದಲಿಕ್ಕೋ ನೌಕರಿಗೋ ಹೊರಟ ಗಂಡಸಿನ ಕಣ್ಣಿಗೆ ಕಂಡ ಸಮುದ್ರವನ್ನು ನಾವು ಕನ್ನಡದಲ್ಲಿ ಓದಿದ್ದೇವೆ. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದು ಇನ್ನೊಂದು, ಹೆಗಲ ಚೀಲದಲ್ಲಿ ಹಾಲಿನ ಬಾಟಲಿ ಇದ್ದವಳಿಗೆ ಸಮುದ್ರ ಹೇಗೆ ಕಾಣುತ್ತದೆ? ಅದನ್ನು ಬರೆದವರನ್ನು ನಾನು ಓದಿಲ್ಲ.

ಮೊದಲು ಹಡಗಿನ ಗುಣ ಹೇಳುತ್ತೇನೆ. ಹೊರಡುವ ಮುನ್ನ ಎಲ್ಲರನ್ನೂ ಕರೆದು ಅಪಾಯದ ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕು, ತೇಲುವ ಅಂಗಿ ಹೇಗೆ ತೊಡಬೇಕು ಎಂದು ತೋರಿಸಿದರು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಇಂಥ ನಿಯಮಗಳಿಗೆಲ್ಲ ಮೂಲ. 2012ರ ಜನವರಿಯಲ್ಲಿ ಇಟಲಿಯ ದಂಡೆಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಹೊಸದಾಗಿ ಹತ್ತಿದವರಲ್ಲಿ ಹಲವರಿಗೆ ಈ ತಾಲೀಮು ಇನ್ನೂ ಆಗಿರಲಿಲ್ಲ. ಆಮೇಲೆ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ತಾಲೀಮು ಆಗಬೇಕೆಂದು 2015ರಿಂದ ಕಡ್ಡಾಯವಾಯಿತು. ಒಟ್ಟು ಪ್ರಯಾಣಿಕರ ಸಂಖ್ಯೆಯ ನೂರಕ್ಕೆ ಹತ್ತರಷ್ಟಾದರೂ ಮಕ್ಕಳ ಅಳತೆಯ ತೇಲಂಗಿಗಳು ಇರಬೇಕೆಂಬ ನಿಯಮವೂ ಇದೆ. ಮಗಳು ಕೇಳಿ, ಮೊಮ್ಮಗನ ಅಳತೆಯದನ್ನು ಕೋಣೆಗೇ ತರಿಸಿಕೊಂಡಳು. ಕೇಳದಿದ್ದರೆ ಬರುತ್ತಿರಲಿಲ್ಲ. ಹೋಗುವವರು ಇದನ್ನು ನೆನಪಿಡಿ. ಸಾಮಾನ್ಯವಾಗಿ ಆರು ತಿಂಗಳು ತುಂಬದ ಕೂಸನ್ನು ಇಂಥ ಹಡಗುಗಳಲ್ಲಿ ಹತ್ತಿಸಿಕೊಳ್ಳುವುದಿಲ್ಲ, ದೂರದ ಸಾಗರ ದಾಟುವುದಿದ್ದರೆ ಒಂದು ವರ್ಷ ತುಂಬಿರಬೇಕು. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಬೇಕು, ಅಲ್ಲಿ ಓಲಾಟ ಕಡಿಮೆ.

ಊಟದ್ದು ಬೇರೆ ಕಥೆ. ನಾನು ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಬಂದರಿನ ತಪಾಸಣೆಯಲ್ಲೇ ಉಳಿದವು. ಒಳಗೆ ಮೂರು ಹೊತ್ತೂ ಪರಾತಗಟ್ಟಲೆ ಅಡುಗೆ. ನಮ್ಮ ಹುಡುಗ ಮೂರು ದಿನವೂ ಮೊಸರನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಪಕ್ಕದ ಮೇಜಿನ ಮಕ್ಕಳು ಒಂದೇ ತುತ್ತು ತಿಂದು ಬಿಟ್ಟ ತಾಟುಗಳನ್ನು ನೋಡಿ, ನಮ್ಮ ಶಾಲೆಯ ಬಿಸಿಯೂಟದಲ್ಲಿ ಎರಡನೇ ಸಲ ಸಾರು ಕೇಳಲು ನಾಚುವ ಹುಡುಗಿಯರು ನೆನಪಾದರು.

ಇನ್ನು ಮುಖ್ಯ ವಿಷಯ. ಮೂರು ವರ್ಷದ ಮೇಲಿನ ಮಕ್ಕಳಿಗೆ ಹಡಗಿನಲ್ಲಿ ಆಟದ ಕೋಣೆ ಇತ್ತು. ತಾಯಿತಂದೆ ಒಂದು ಕಾಗದ ತುಂಬಿ ಬಿಟ್ಟು ಬಂದರೆ ಹುಡುಗಿಯರು ನೋಡಿಕೊಳ್ಳುತ್ತಾರೆ. ಎರಡನೆಯ ದಿನ ಮಧ್ಯಾಹ್ನ ಮಗಳು ಮಕ್ಕಳನ್ನು ಬಿಟ್ಟು ಬಂದು ಹಾಸಿಗೆಗೆ ಒರಗಿದಳು. ಅಳಿಯಂದಿರು ಈಜಲು ಹೋದರು. ನಾನು ಕಿಟಕಿಯ ಹತ್ತಿರ ಕುಳಿತಿದ್ದೆ. ಐದು ನಿಮಿಷದಲ್ಲಿ ಆಕೆಗೆ ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು, ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಅವಳು ಹೀಗೆ ಮಲಗಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

ಅರ್ಧ ತಾಸಿಗೆ ಕೋಣೆಯ ಫೋನು ಬಾರಿಸಿತು. ಹುಡುಗ ಅಳುತ್ತಿದ್ದಾನೆ, ತಾಯಿ ಬರಬೇಕಂತೆ. ಕಾಗದದಲ್ಲಿ ಕರೆಯಬೇಕಾದವರ ಹೆಸರಿನ ಮುಂದೆ ತಾಯಿಯ ಹೆಸರೇ ಇತ್ತು, ಬರೆದವಳೂ ಅವಳೇ. ಎಬ್ಬಿಸಲಿಲ್ಲ, ನಾನೇ ಹೋದೆ. ಆ ಆಟದ ಕೋಣೆಗೆ ಒಂದೂ ಕಿಟಕಿ ಇರಲಿಲ್ಲ. ಗೋಡೆಯ ತುಂಬ ಬಣ್ಣದ ಮೀನು, ಟಿ.ವಿ.ಯಲ್ಲಿ ಸಮುದ್ರದ ಚಿತ್ರ. ಸುತ್ತಲೂ ಅರಬ್ಬೀ ಸಮುದ್ರವೇ ಇರುವಾಗ ಮಕ್ಕಳಿಗೆ ಗೋಡೆಯ ಸಮುದ್ರ! ಹುಡುಗನನ್ನು ಎತ್ತಿಕೊಂಡು ಮೇಲಿನ ಅಂಗಳಕ್ಕೆ ಹೋದೆ. ಗಾಳಿ ಮುಖಕ್ಕೆ ಬಡಿದದ್ದೇ ಅಳು ನಿಂತಿತು. ದೂರದಲ್ಲಿ ಮೀನುಗಾರರ ದೋಣಿ. 'ಆಯಿ, ಅದು ನಮ್ಮ ಹಡಗಿನ ಪಾಪು ಏನು?' ಎಂದ. ಹೌದಪ್ಪ ಎಂದೆ. ಒಂದು ತಾಸು ಅಲ್ಲೇ ಕುಳಿತೆವು.

ಅವನನ್ನು ಮಲಗಿಸಲು ಕೋಣೆಗೆ ಬರುವಾಗ ಹಾಸಿಗೆ ಸರಿ ಮಾಡುವ ಹುಡುಗಿ ಎದುರಾದಳು. ಹುಡುಗನ ಕೆನ್ನೆ ಮುಟ್ಟಿ ತನ್ನ ಮೊಬೈಲಿನಲ್ಲಿ ಒಂದು ಮಗುವಿನ ಫೋಟೋ ತೋರಿಸಿದಳು. ಅವಳದೇ ಮಗಳು, ಎರಡು ವರ್ಷ, ಊರಲ್ಲಿ ಅಜ್ಜಿಯ ಹತ್ತಿರ ಇದೆ. ಹಡಗಿನ ಕರಾರು ಎಂದರೆ ಆರು ತಿಂಗಳು, ಒಂಬತ್ತು ತಿಂಗಳು ಮನೆ ಬಿಟ್ಟಿರುವುದು. ನನ್ನ ಮಗಳು ನಿಶ್ಚಿಂತೆಯಿಂದ ಮಲಗಲೆಂದು ಹಾಸಿಗೆ ಹಾಸುವವಳು ತನ್ನ ಮಗುವನ್ನು ಮಲಗಿಸದೆ ಎಷ್ಟು ದಿನವಾಗಿತ್ತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಮಗಳು ಎದ್ದಾಗ ಸಂಜೆಯಾಗಿತ್ತು. 'ಅವ್ವಾ, ಆರು ವರ್ಷದಾಗ ಇಷ್ಟು ಮಲಗಿದ್ದಿಲ್ಲ ನಾನು,' ಎಂದಳು. ಸಂತೋಷದಿಂದಲೇ ಹೇಳಿದಳು. ನನಗೆ ಮಾತ್ರ ಚುರುಕ್ಕೆಂದಿತು. ಎರಡನೆಯ ಹೆರಿಗೆಗೆ ಪುಣೆಯಲ್ಲೇ ಇದ್ದಳು. ಪರೀಕ್ಷೆಯ ಸಮಯವೆಂದು ನಾನು ಹದಿನೈದು ದಿನ ಬಾಣಂತನ ಮಾಡಿ ರೈಲು ಹತ್ತಿದ್ದೆ. ಬೇಸಿಗೆಗೆ ನಮ್ಮಲ್ಲಿಗೆ ಬಂದರೂ ಮಕ್ಕಳು 'ಮಮ್ಮಿ' ಎಂದು ಕೂಗಿದೊಡನೆ ನಾವೆಲ್ಲರೂ, ನಾನೂ ಸೇರಿ, ಅವಳ ಕಡೆಗೇ ನೋಡುತ್ತೇವೆ. ತವರಿನಲ್ಲಿ ಸಿಗಬೇಕಾದದ್ದನ್ನು ಅವಳು ಹಡಗಿನಲ್ಲಿ ಕೊಂಡಳು, ಅದೂ ನನ್ನ ಎರಡು ತಿಂಗಳ ಸಂಬಳದಷ್ಟು ದುಡ್ಡು ಕೊಟ್ಟು.

ಆದ್ದರಿಂದ ನನ್ನ ವಿಮರ್ಶೆ ಇಷ್ಟು. ಚಿಕ್ಕ ಮಕ್ಕಳ ಕುಟುಂಬಕ್ಕೆ ಈ ಹಡಗುಗಳು ಮಾರುವುದು ಸಮುದ್ರವನ್ನಲ್ಲ, ತಾಯಿಯ ಬಿಡುವನ್ನು. ಆ ಬಿಡುವಿಗೆ ಬೆಲೆಯಿದೆ ಎಂದು ವ್ಯಾಪಾರಿ ಗುರುತಿಸಿದ, ನಾವು ಗುರುತಿಸಲಿಲ್ಲ. ಇದು ಹಡಗಿನ ಗುಣ, ನಮ್ಮ ದೋಷ. ಆದರೆ ಆ ಬಿಡುವನ್ನು ಕೊಡಲು ಮಗುವನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂಡಿಸುವುದು, ಇನ್ನೊಬ್ಬ ತಾಯಿಯನ್ನು ಮಗುವಿನಿಂದ ದೂರ ಇಡುವುದು ಹಡಗಿನ ದೋಷ.

ನಮ್ಮ ಬನಶಂಕರಿಯ ಜಾತ್ರೆಯಲ್ಲಿ ಹೊಸದಾಗಿ ಹುಟ್ಟಿದ ಕೂಸುಗಳನ್ನು ಬಾಳೆದಿಂಡಿನ ತೆಪ್ಪದಲ್ಲಿ ಹರಿದ್ರಾತೀರ್ಥ ದಾಟಿಸುವ ಪದ್ಧತಿ ಇದೆ. ಹೊಂಡ ಬತ್ತಿದ ವರ್ಷಗಳನ್ನೂ ನೋಡಿದ್ದೇವೆ. ಈ ಮಗಳನ್ನು ದಾಟಿಸಿದ ವರ್ಷ ನೀರು ತುಂಬಿತ್ತು. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಕೆಲವೇ ನಿಮಿಷದ ಯಾನ. ಆಚೆ ದಂಡೆಯಲ್ಲಿ ಸೋದರಮಾವ, ಚಿಗವ್ವ, ದೊಡ್ಡವ್ವ, ಅಜ್ಜ ಎಲ್ಲರೂ ಕೈಚಾಚಿ ನಿಂತಿದ್ದರು. ಕೂಸನ್ನು ಅವರ ಕೈಗೆ ಕೊಟ್ಟು ನಾನು ಗುಡಿಯ ಕಂಬಕ್ಕೆ ಒರಗಿ ಕುಳಿತದ್ದು, ಯಾರೋ ಒಂದು ಲೋಟ ಚಹಾ ತಂದುಕೊಟ್ಟದ್ದು ಇವತ್ತಿಗೂ ನೆನಪಿದೆ. ಆ ಹೊತ್ತಿನಲ್ಲಿ ಕೂಸು ಎಲ್ಲಿದೆ ಎಂದು ನಾನು ಕೇಳಲೇ ಇಲ್ಲ. ಅವರೆಲ್ಲ ಈಗ ನಾಲ್ಕು ಊರುಗಳಲ್ಲಿದ್ದಾರೆ, ಕೆಲವರು ಇಲ್ಲವೇ ಇಲ್ಲ. ಹಳೆಯ ಕಾಲ ಬರಲಿ ಎಂದು ನಾನು ಹೇಳುತ್ತಿಲ್ಲ. ಆಗಲೂ ಸೊಸೆಯಾದವಳಿಗೆ ಅತ್ತೆಯ ಮನೆಯಲ್ಲಿ ಹಗಲು ನಿದ್ದೆ ಸಿಗುತ್ತಿರಲಿಲ್ಲ ಎಂಬುದು ನನಗೇ ಗೊತ್ತು.

ಈ ಸಲ ಬೇಸಿಗೆಗೆ ಮಗಳು ಬರುತ್ತಾಳೆ. ಮನೆಯವರಿಗೆ ಈಗಲೇ ಹೇಳಿದ್ದೇನೆ. ಬಿಸಿಲು ಇಳಿದ ಮೇಲೆ ಮಕ್ಕಳನ್ನು ಕರೆದುಕೊಂಡು ಅಗಸ್ತ್ಯತೀರ್ಥದ ದಂಡೆಗೆ ಹೋಗುವುದು ಅಜ್ಜ ಮತ್ತು ಅಳಿಯಂದಿರ ಕೆಲಸ. ಮಕ್ಕಳು ಅತ್ತರೆ ಫೋನು ಮಾಡಬೇಕಾದದ್ದು ನನಗೆ. 'ನಾನೆಂದೂ ಮಕ್ಕಳನ್ನು ಒಬ್ಬನೇ ನೋಡಿಕೊಂಡಿಲ್ಲಲ್ಲ,' ಎಂದರು ಮನೆಯವರು. ಅರವತ್ತೆರಡು ವರ್ಷಕ್ಕಾದರೂ ಕಲಿಯಲಿ ಎಂದೆ.