ನೇಣಿಗೇರಿದ ಸಾಕ್ಷಿ

ಕೊಲೆ ಮೊಕದ್ದಮೆಯ ವರದಿಯೆಂದರೆ ನಮ್ಮಲ್ಲಿ ಅನೇಕರಿಗೆ ಬೆಳಗಿನ ಕಾಫಿಯ ಜೊತೆಗೆ ಚಪ್ಪರಿಸುವ ತಿಂಡಿ. ನಾನೂ ಆ ಚಪಲಕ್ಕೆ ಹೊರತಲ್ಲ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಲುಡೋವಿಕ್ ಕೆನೆಡಿಯವರ ‘ಟೆನ್ ರಿಲ್ಲಿಂಗ್ಟನ್ ಪ್ಲೇಸ್’ (೧೯೬೧) ಕೈಗೆ ಸಿಕ್ಕಾಗ ಕೊಂಡದ್ದೂ ಆ ಆಸೆಯಿಂದಲೇ.

ಅದು ಲಂಡನ್ನಿನ ಒಂದು ಬಡಮನೆಯ ವಿಳಾಸ. ಮೇಲಂತಸ್ತಿನಲ್ಲಿ ಟಿಮೊತಿ ಇವಾನ್ಸ್ ಎಂಬ ವ್ಯಾನು ಚಾಲಕ. ಕೆಳಗಡೆ ಜಾನ್ ಕ್ರಿಸ್ಟಿ. ೧೯೪೯ರಲ್ಲಿ ಇವಾನ್ಸನ ಹೆಂಡತಿ ಮತ್ತು ಎಳೆಯ ಮಗಳ ಶವಗಳು ಹಿತ್ತಲ ಬಟ್ಟೆ ಒಗೆಯುವ ಕೋಣೆಯಲ್ಲಿ ದೊರೆತವು. ಮಗುವಿನ ಕೊಲೆಗಾಗಿ ತಂದೆಯ ವಿಚಾರಣೆ ನಡೆಯಿತು. ಕೊಂದವನು ಕ್ರಿಸ್ಟಿ ಎಂದು ಅವನು ನ್ಯಾಯಾಲಯದಲ್ಲಿ ಹೇಳಿದ; ಸರ್ಕಾರದ ಪರ ಮುಖ್ಯ ಸಾಕ್ಷಿಯಾಗಿ ನಿಂತಿದ್ದವನೂ ಅದೇ ಕ್ರಿಸ್ಟಿ. ಜ್ಯೂರಿಗೆ ೪೦ ನಿಮಿಷ ಸಾಕಾಯಿತು. ೧೯೫೦ರ ಮಾರ್ಚ್ ೯ರಂದು ಇವಾನ್ಸನಿಗೆ ಗಲ್ಲಾಯಿತು. ೧೯೫೩ರಲ್ಲಿ ಕ್ರಿಸ್ಟಿ ಮನೆ ಬಿಟ್ಟ ಮೇಲೆ ಅವನ ಅಡುಗೆಮನೆಯ ಗೋಡೆಯ ಹಿಂದೆ ಮೂವರು ಹೆಂಗಸರು, ನೆಲದಡಿಯಲ್ಲಿ ಅವನ ಹೆಂಡತಿ, ತೋಟದಲ್ಲಿ ಇನ್ನಿಬ್ಬರ ಅಸ್ಥಿಗಳು! ಹಿತ್ತಲ ಬೇಲಿಗೆ ಊರೆ ಕೊಟ್ಟಿದ್ದುದು ಮನುಷ್ಯನ ತೊಡೆಮೂಳೆ. ಮೊದಲ ಸಲ ಶೋಧಿಸಿದ ಪೋಲೀಸರಿಗೆ ಅದು ಕಂಡಿರಲಿಲ್ಲ.

ಇವಾನ್ಸನ ತಪ್ಪೊಪ್ಪಿಗೆಯನ್ನು ಕೆನೆಡಿಯವರು ಬಿಡಿಸಿ ತೋರುವ ಭಾಗವೇ ಈ ಗ್ರಂಥದ ಸಾರ. ಓದುಬರಹ ನೆಟ್ಟಗೆ ಬಾರದವನ ಬಾಯಲ್ಲಿ ಕಛೇರಿಯ ಭಾಷೆ ಹೇಗೆ ಬಂತು ಎಂಬುದು ಅವರ ಪ್ರಶ್ನೆ. ನಮ್ಮ ಮಹಜರುಗಳನ್ನು ಓದಿ ಬಲ್ಲವರಿಗೆ ಈ ಭಾಗ ವಿಶೇಷವಾಗಿ ರುಚಿಸೀತು.

ಆದರೆ ಯಾರೂ ಕಾಣದ ಸಾವನ್ನು ಕಂಡವರಂತೆ ವರ್ಣಿಸುವಾಗ ಗ್ರಂಥಕರ್ತರು ವಕೀಲಿಕೆ ಬಿಟ್ಟು ಕಾದಂಬರಿಗೆ ಇಳಿಯುತ್ತಾರೆ. ಆ ಪುಟಗಳು ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆಂದು ಅವರನ್ನೊಬ್ಬರನ್ನೇ ದೂರುವುದೂ ಸರಿಯಲ್ಲ. ನಡೆದುದನ್ನು ಹೇಳಬಲ್ಲವನು ಉಳಿದಿದ್ದರೆ ತಾನೆ? ೧೯೫೩ರ ಜುಲೈ ೧೫ರಂದು ಕ್ರಿಸ್ಟಿಯನ್ನೂ ನೇಣಿಗೆ ಹಾಕಿದರು. ಇವಾನ್ಸನ ವಿಷಯದಲ್ಲಿ ತಪ್ಪಾಗಿತ್ತೇ ಎಂದು ನೋಡಲು ನೇಮಿಸಿದ್ದ ಸ್ಕಾಟ್ ಹೆಂಡರ್ಸನ್, ತಪ್ಪೇನೂ ಆಗಿಲ್ಲವೆಂದು ಬರೆದು ವರದಿಯನ್ನು ಒಪ್ಪಿಸಿದ್ದು ಅದಕ್ಕೆ ಎರಡು ದಿನ ಮುಂಚೆ. ಕೆನೆಡಿಯವರಿಗೆ ಈ ಮಹಾಶಯರ ಮೇಲೆ ಬಹಳ ಕೋಪ. ನನಗಾದರೋ ದೋಷ ಹೆಚ್ಚಾಗಿ ಆ ಜುಲೈ ೧೫ರದೆಂದೇ ತೋರುತ್ತದೆ. ಗಲ್ಲಿನ ದಿನ ಗೊತ್ತಾದ ಮೇಲೆ ಸತ್ಯವೂ ಅಷ್ಟರೊಳಗೆ ಓಡಿ ಬರಬೇಕಲ್ಲ! ಕ್ರಿಸ್ಟಿಯಂಥವನಿಗೆ ಗಲ್ಲಾದುದಕ್ಕೆ ಮರುಗುವವರು ವಿರಳ, ನಾನೂ ಮರುಗಲಾರೆ. ಆದರೆ ಅವನೊಡನೆ ಇವಾನ್ಸನ ಮೊಕದ್ದಮೆಯ ಕಡೆಯ ಸಾಕ್ಷಿಯನ್ನೂ ಹೂತುಬಿಟ್ಟರು.

ಅದರ ಫಲವನ್ನು ಆ ದೇಶ ಬಹುಕಾಲ ಉಂಡಿತು. ೧೯೬೬ರಲ್ಲಿ ನ್ಯಾಯಮೂರ್ತಿ ಬ್ರಾಬಿನ್, ಇವಾನ್ಸ್ ಮಗುವನ್ನು ಕೊಂದಿರಲಾರ, ಹೆಂಡತಿಯನ್ನು ಬಹುಶಃ ಕೊಂದಿರಬೇಕು ಎಂದರು. ಗಲ್ಲಾದದ್ದು ಮಗುವಿಗಾಗಿ ಎಂಬುದನ್ನು ಓದುಗರು ಮರೆಯಬಾರದು. ಅದೇ ವರ್ಷ ಸತ್ತವನಿಗೆ ಕ್ಷಮಾದಾನ ಬಂತು. ಅವನು ಇಬ್ಬರನ್ನೂ ಕೊಲ್ಲಲಿಲ್ಲವೆಂದು ಲಂಡನ್ನಿನ ಉಚ್ಚ ನ್ಯಾಯಾಲಯ ಒಪ್ಪಿದ್ದು ೨೦೦೪ರಲ್ಲಿ. ಆದರೂ ಹಳೆಯ ತೀರ್ಪನ್ನು ರದ್ದು ಮಾಡುವ ಹಾದಿಯನ್ನು ಅದು ತೆರೆಯಲಿಲ್ಲ.