ನಿಧಿಯ ಅತಿರೇಕ, ನಿಯಮದ ಬಾಗು: ಹಳೆಯ ಪಂಥದ ಪಾತ್ರಾಭಿನಯ ಆಟಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಮೂರು ಕಿರುಹೊತ್ತಗೆಗಳಾಗಿ ಹೊರಬಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿ ಮಾತು ಮತ್ತು ದಾಳಗಳ ನೆರವಿನಿಂದ ಕತೆ ನಡೆಸುವ ಪಾತ್ರಾಭಿನಯ ಆಟಗಳಿಗೆ ಮೂಲವಾಯಿತು. ಆ ಆಟದಲ್ಲಿ ಪಾತ್ರಗಳು ಬೆಳೆಯುತ್ತಿದ್ದುದು ಕೊಂದದ್ದಕ್ಕಿಂತ ಹೆಚ್ಚಾಗಿ ಹೊತ್ತು ತಂದದ್ದರಿಂದ. ನೆಲಮಾಳಿಗೆಯಿಂದ ಹೊರಸಾಗಿಸಿದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವಾಂಕ ಎಂಬುದು ಆ ಆರಂಭದ ಶೈಲಿಯಲ್ಲಿ ಆಡುವ ಹಳೆಯ ಪಂಥದ ಸಾಮಾನ್ಯ ಲೆಕ್ಕ. ಹೀಗೆ ನಿಧಿಯನ್ನೇ ಬೆಳವಣಿಗೆಯ ಅಳತೆಗೋಲಾಗಿಸಿಕೊಂಡ ಪರಂಪರೆಯೊಂದು ಮರುಕ್ಷಣದಿಂದಲೇ ನಿಧಿಯ ಅತಿರೇಕವನ್ನು ಕುರಿತು ಗೊಣಗತೊಡಗಿದ್ದು ಅದರ ಮೊದಲ ವಿರೋಧಾಭಾಸ.

ಆ ಗೊಣಗಾಟಕ್ಕೆ ಒಂದು ಹೆಸರೂ ಹುಟ್ಟಿತು. ಮುಚ್ಚಿದ ಬಾಗಿಲುಗಳ ಹಿಂದೆ ಬಹುಮಾನಗಳನ್ನಿಟ್ಟು ಹಂಚುತ್ತಿದ್ದ, 1963ರಲ್ಲಿ ಆರಂಭವಾದ ಅಮೆರಿಕದ ಟಿವಿ ಕಾರ್ಯಕ್ರಮವೊಂದರ ನಿರೂಪಕ ಮಾಂಟಿ ಹಾಲ್ ಅವರ ಹೆಸರನ್ನು, ಕೊಳ್ಳೆಯ ಗಂಟು ಎಂಬರ್ಥದ ಸಮೀಪೋಚ್ಚಾರದ ಇಂಗ್ಲಿಷ್ ಪದದೊಂದಿಗೆ ಬೆಸೆದು, ಕೇಳಿದ್ದನ್ನೆಲ್ಲ ಕೊಡುವ ಆಟ ನಿರ್ವಾಹಕರನ್ನು ಹಂಗಿಸಲು ಬಳಸಲಾಯಿತು. ಇಲ್ಲಿ ನಿರ್ವಾಹಕನೆಂದರೆ ಲೋಕವನ್ನು ಕಟ್ಟುವ, ಶತ್ರುಗಳನ್ನು ಆಡಿಸುವ, ತೀರ್ಪನ್ನೂ ನೀಡುವ ಡಂಜನ್ ಮಾಸ್ಟರ್. 1976ರಲ್ಲಿ ದೇವತೆಗಳ ಅಂಕಿಅಂಶಗಳನ್ನೇ ಮುದ್ರಿಸಿದ ಪೂರಕ ಹೊತ್ತಗೆಗೆ ಮುನ್ನುಡಿ ಬರೆದ ಸಂಪಾದಕ ಟಿಮ್ ಕ್ಯಾಸ್ಕ್, ಇಂಥ ನಿರ್ವಾಹಕರಿಗೆ ಬುದ್ಧಿ ಹೇಳುವ ಕೊನೆಯ ಯತ್ನವೆಂದೇ ಅದನ್ನು ಮುಂದಿಟ್ಟರು. ಆದರೆ ದೇವರ ಬಲಕ್ಕೂ ಅಂಕಿ ಕೊಟ್ಟ ಮೇಲೆ ದೇವರನ್ನೂ ಕೊಲ್ಲಬಹುದೆಂಬ ಲೆಕ್ಕಾಚಾರ ಆಟಗಾರರಿಗೆ ಹೊಳೆಯದೆ ಇರುವುದಾದರೂ ಹೇಗೆ?

1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಗೈಗ್ಯಾಕ್ಸ್ ಹುಡುಕಿದ ಪರಿಹಾರ ಬಹುಮಟ್ಟಿಗೆ ಬೊಕ್ಕಸದ ಅಧಿಕಾರಿಯದು. ಪಾತ್ರವೊಂದು ಮೇಲಿನ ಮಟ್ಟಕ್ಕೇರಲು ತರಬೇತಿ ಪಡೆಯಬೇಕು, ಅದಕ್ಕೆ ವಾರಕ್ಕೆ ಮಟ್ಟವೊಂದಕ್ಕೆ 1,500 ನಾಣ್ಯ. ಜೀವನೋಪಾಯಕ್ಕೆ ತಿಂಗಳಿಗೆ ಮಟ್ಟವೊಂದಕ್ಕೆ ಕನಿಷ್ಠ 100 ನಾಣ್ಯ. ಬೆಂಕಿಯುಂಡೆಯ ಮಂತ್ರಕ್ಕೆ ಸಿಕ್ಕವನು ಅದನ್ನು ತಾಳಿಕೊಳ್ಳಲು ಎಸೆಯುವ ದಾಳದಲ್ಲಿ ಸೋತರೆ ಅವನು ಹೊತ್ತ ವಸ್ತುಗಳೂ ಒಂದೊಂದಾಗಿ ದಾಳದ ಪರೀಕ್ಷೆಗೆ ಒಳಗಾಗಬೇಕು. ಅದಕ್ಕೂ ಮೊದಲಿನ ನಿಯಮದಂತೆ, ಧರ್ಮಯೋಧನಾದ ಪ್ಯಾಲಡಿನ್ ಹತ್ತಕ್ಕಿಂತ ಹೆಚ್ಚು ಮಾಂತ್ರಿಕ ವಸ್ತುಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ತೆರಿಗೆಗಳು ನಾಣ್ಯದ ಹೊರೆಯನ್ನು ಇಳಿಸಿದವೇ ಹೊರತು, ಅತಿಬಲದ ಆಯುಧವೊಂದು ಆಟಕ್ಕೆ ತರುವ ನಿಜವಾದ ಪ್ರಶ್ನೆಯನ್ನು, ಅಂದರೆ ಅದು ಹಿಡಿದವನಿಂದ ಏನನ್ನು ಕೇಳುತ್ತದೆ ಎಂಬುದನ್ನು, ಮುಟ್ಟಲಿಲ್ಲ.

ಆ ಪ್ರಶ್ನೆಗೆ ಉತ್ತರ ಕೊಟ್ಟವು ಈ ತೆರಿಗೆಗಳಲ್ಲ, ಹೆಚ್ಚಾಗಿ ಸಿದ್ಧಪಡಿಸಿದ ಸಾಹಸಕಥನಗಳು. ಲಾರೆನ್ಸ್ ಶಿಕ್ 1979ರಲ್ಲಿ ಪ್ರಕಟಿಸಿದ 'ವೈಟ್ ಪ್ಲೂಮ್ ಮೌಂಟನ್'ನಲ್ಲಿ ಬ್ಲ್ಯಾಕ್‌ರೇಜರ್ ಎಂಬ ಕರಿಯ ಖಡ್ಗವಿದೆ. ಮೈಕೆಲ್ ಮೂರ್‌ಕಾಕ್ ಅವರ ಕಾದಂಬರಿಗಳ ಸ್ಟಾರ್ಮ್‌ಬ್ರಿಂಗರ್ ಖಡ್ಗದ ನೆರಳು ಅದರ ಮೇಲೆ ಎಷ್ಟು ದಟ್ಟವಾಗಿದೆಯೆಂದರೆ ಅದನ್ನು ಪ್ರಭಾವ ಎನ್ನುವುದಕ್ಕಿಂತ ಎರವಲು ಎನ್ನುವುದೇ ಸರಿ. ಬ್ಲ್ಯಾಕ್‌ರೇಜರ್ ತಾನು ಕೊಂದವರ ಆತ್ಮವನ್ನು ಹೀರಿ ಹಿಡಿದವನಿಗೆ ಬಲ ತುಂಬುತ್ತದೆ. ಆದರೆ ಅದಕ್ಕೂ ಹಸಿವಿದೆ, ಮನಸ್ಸಿದೆ, ಮತ್ತು ಪ್ರೇತಗಳ ಮೇಲೆ ಬೀಸಿದರೆ ಬಲ ತಿರುಗಿ ಹಿಡಿದವನಿಂದಲೇ ಸೋರಿ ಪ್ರೇತಕ್ಕೆ ಸೇರುತ್ತದೆ. ನಿಯಮಗ್ರಂಥಗಳಲ್ಲೇ ಬರುವ ವೆಕ್ನಾ ಎಂಬ ಮಾಂತ್ರಿಕನ ಕೈ ಬೇಕೆಂದವನು ಮೊದಲು ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕು. ಗೈಗ್ಯಾಕ್ಸ್ ಅವರದೇ 'ಎಕ್ಸ್‌ಪಿಡಿಷನ್ ಟು ದ ಬ್ಯಾರಿಯರ್ ಪೀಕ್ಸ್' (1980) ಬೆಟ್ಟದೊಳಗೆ ಬಿದ್ದ ಆಕಾಶನೌಕೆಯೊಂದಕ್ಕೆ ಕತ್ತಿಗುರಾಣಿಗಳ ಯೋಧರನ್ನು ನುಗ್ಗಿಸಿ, ಅವರ ಕೈಗೆ ಲೇಸರ್ ಬಂದೂಕುಗಳನ್ನೇ ಕೊಟ್ಟುಬಿಡುತ್ತದೆ. ಮಧ್ಯಯುಗದ ಲೋಕದಲ್ಲಿ ಇದಕ್ಕಿಂತ ಮಿತಿಮೀರಿದ ನಿಧಿ ಬೇರೆ ಇರಲಾರದು. ಆದರೆ ಆ ಯಂತ್ರವನ್ನು ಹೇಗೆ ಹಿಡಿಯುವುದೆಂದು ತಡಕಾಡುವಾಗಲೇ ಅಪಾಯ ಎದುರಾಗಬಹುದು, ಅದರೊಳಗಿನ ಶಕ್ತಿ ಮುಗಿದ ಮೇಲೆ ತುಂಬಿಸಲು ಊರಿನಲ್ಲಿ ಯಾರೂ ಇಲ್ಲ. ಇಂದ್ರನಿತ್ತ ಶಕ್ತ್ಯಾಯುಧವನ್ನು ಅರ್ಜುನನಿಗೆಂದು ಕಾದಿರಿಸಿಕೊಂಡು, ಕೊನೆಗೆ ಘಟೋತ್ಕಚನ ಮೇಲೆ ಎಸೆಯಬೇಕಾಗಿ ಬಂದ ಕರ್ಣನ ಇಕ್ಕಟ್ಟನ್ನು ಬಲ್ಲ ಓದುಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ: ಒಮ್ಮೆ ಮಾತ್ರ ಬಳಸಬಹುದಾದ ಮಹಾಯುಧ ಬಲವನ್ನಷ್ಟೇ ಕೊಡುವುದಿಲ್ಲ, ಯಾವಾಗ ಎಂಬ ಚಿಂತೆಯನ್ನೂ ಕೊಡುತ್ತದೆ. ಈ ಮೂರು ಉದಾಹರಣೆಗಳ ಮುಂದೆ, ಹಿಡಿದವನಿಂದ ಏನನ್ನೂ ಕೇಳದೆ ದಾಳಕ್ಕೆ ಐದು ಅಂಕ ಕೂಡಿಸಿ ಸುಮ್ಮನಾಗುವ 'ಪ್ಲಸ್ ಐದು' ಖಡ್ಗವೇ ನಿಜವಾಗಿ ಬಡ ನಿಧಿ.

ನಿಯಮವನ್ನು ಬಗ್ಗಿಸುವ ವಿಚಾರದಲ್ಲಿ ಈ ಪಂಥದ ತಕ್ಕಡಿ ಮೊದಲಿನಿಂದಲೂ ಒಂದು ಕಡೆಗೆ ವಾಲಿದೆ. ನಿರ್ವಾಹಕನ ಅಧಿಕಾರದ ಬೇರು ಪ್ರಷ್ಯಾದ ಸೇನೆಯಲ್ಲಿದೆ: 1824ರಲ್ಲಿ ರೈಸ್‌ವಿಟ್ಸ್ ರೂಪಿಸಿದ ಯುದ್ಧದಾಟ ಕೋಷ್ಟಕ ಮತ್ತು ದಾಳಗಳನ್ನು ನಂಬಿದ್ದರೆ, 1876ರಲ್ಲಿ ವೆರ್ಡಿ ದ್ಯು ವೆರ್ನೊವಾ ಅನುಭವಿ ಅಧಿಕಾರಿಯ ವಿವೇಕವೇ ಸಾಕೆಂದು ಅವುಗಳನ್ನು ಬದಿಗಿಟ್ಟರು. ಗೈಗ್ಯಾಕ್ಸ್ ಇವೆರಡರ ನಡುವೆ ತೂಗಾಡಿದವರು. ಎಲ್ಲೆಡೆ ಒಂದೇ ರೀತಿ ಆಡಬೇಕೆಂದು ಹಟ ಹಿಡಿದು ಬರೆದ 1979ರ ಗ್ರಂಥದಲ್ಲೇ, ಅಗತ್ಯವೆನಿಸಿದರೆ ದಾಳದ ಫಲವನ್ನು ನಿರ್ವಾಹಕ ಕಡೆಗಣಿಸಬಹುದೆಂದೂ ಅವರು ಒಪ್ಪುತ್ತಾರೆ. ತಮ್ಮ ಪಾತ್ರಗಳು ಅಜೇಯವೆಂದು ಬೀಗುವವರಿಗೆ ಪಾಠವಾಗಲೆಂದು ಅವರು ರಚಿಸಿದ 'ಟೂಂಬ್ ಆಫ್ ಹಾರರ್ಸ್', 1975ರಲ್ಲಿ ಪಂದ್ಯವಾಗಿ ಆಡಲ್ಪಟ್ಟು 1978ರಲ್ಲಿ ಮುದ್ರಣಗೊಂಡಿತು. ಅದರ ಕೊನೆಯಲ್ಲಿ ಗೋರಿಯ ಒಡೆಯ ಅಸೆರೆರಾಕ್‌ನ ತಲೆಬುರುಡೆ, ತಪ್ಪಿಸಿಕೊಳ್ಳುವ ದಾಳಕ್ಕೂ ಅವಕಾಶ ಕೊಡದೆ ಆತ್ಮಗಳನ್ನು ಸೆಳೆದುಕೊಳ್ಳುತ್ತದೆ, ಬೆರಳೆಣಿಕೆಯ ಕೆಲವು ಮಂತ್ರಾಯುಧಗಳನ್ನು ಬಿಟ್ಟರೆ ಯಾವುದೂ ಅದಕ್ಕೆ ನಾಟುವುದಿಲ್ಲ. ಇದೂ ನಿಯಮದ ಬಾಗೇ, ಆದರೆ ಆಟಗಾರರ ವಿರುದ್ಧದ ಬಾಗು. ಔದಾರ್ಯದ ಕಡೆಗೆ ಬಗ್ಗಿಸಿದವನನ್ನು ಮಾಂಟಿ ಎಂದು ಹಂಗಿಸಿದ ಪಂಥ, ಕ್ರೌರ್ಯದ ಕಡೆಗೆ ಬಗ್ಗಿಸಿದ್ದನ್ನು ಸವಾಲು ಎಂದು ಕೊಂಡಾಡಿತು. ಆಟಗಾರ ರಾಬ್ ಕುಂಟ್ಸ್ ತಮ್ಮ ರೋಬಿಲಾರ್ ಪಾತ್ರದ ಸೇವಕರಾದ ಓರ್ಕ್ ಎಂಬ ರಕ್ಕಸರನ್ನು ಮುಂದೆ ದೂಡಿ ಬಲಿಕೊಟ್ಟು ಆ ಗೋರಿಯಿಂದ ನಿಧಿಯೊಡನೆ ಪಾರಾದ ಪ್ರಸಂಗ ದಂತಕಥೆಯಾದದ್ದು ಸಹಜವೇ. ಅಲ್ಲಿ ಗೆದ್ದದ್ದು ನಿಯಮದ ಅಕ್ಷರವಲ್ಲ, ಉಪಾಯ.

ಮುಂದಿನ ತಲೆಮಾರು ಈ ಅಸಮಾಧಾನವನ್ನು ಅಂಕಗಣಿತದಿಂದಲೇ ತೀರಿಸಹೊರಟಿತು. 2000ದ ಮೂರನೆಯ ಆವೃತ್ತಿ ಯಾವ ಮಟ್ಟದ ಪಾತ್ರದ ಬಳಿ ಎಷ್ಟು ಮೌಲ್ಯದ ಸಂಪತ್ತಿರಬೇಕೆಂದು ಕೋಷ್ಟಕ ಹಾಕಿ, ಎರಡನೆಯ ಮಟ್ಟಕ್ಕೆ 900, ಇಪ್ಪತ್ತನೆಯದಕ್ಕೆ 7,60,000 ನಾಣ್ಯಗಳೆಂದು ನಿಗದಿಪಡಿಸಿತು. 2014ರ ಐದನೆಯ ಆವೃತ್ತಿ ಪ್ರಬಲ ಮಾಂತ್ರಿಕ ವಸ್ತುಗಳೊಡನೆ ಪಾತ್ರ ಬೆಸೆದುಕೊಳ್ಳುವ ಮಿತಿಯನ್ನು ಮೂರಕ್ಕೆ ನಿಲ್ಲಿಸಿತು. ನಿಧಿ ಅಲ್ಲಿಗೆ ಸಂಬಳವಾಯಿತು. ಮೂರನೆಯ ಆವೃತ್ತಿಯ ಲೆಕ್ಕಾಚಾರಕ್ಕೆ ಪ್ರತಿಯಾಗಿ ಎದ್ದಿದ್ದ ಹಳೆಯ ಪಂಥದ ಪುನರುಜ್ಜೀವನ ಮ್ಯಾಟ್ ಫಿಂಚ್ ಅವರ 2008ರ ಕಿರುಪುಸ್ತಿಕೆಯಲ್ಲಿ ತನ್ನ ಘೋಷಣೆಯನ್ನು ಕಂಡುಕೊಂಡಿತು: ಪುಟ ತಿರುವಿ ನಿಯಮ ಹುಡುಕುವುದಕ್ಕಿಂತ ನಿರ್ವಾಹಕ ಸ್ಥಳದಲ್ಲೇ ಕೊಡುವ ತೀರ್ಪು ಮೇಲು. ಈ ನಿಲುವು ಆಟಕ್ಕೆ ಉಸಿರು ಮರಳಿಸಿದ್ದು ನಿಜ. ಆದರೆ ತೀರ್ಪಿನ ಸ್ವಾತಂತ್ರ್ಯವನ್ನು ಹೊಗಳುವ ಉತ್ಸಾಹದಲ್ಲಿ ತೀರ್ಪಿಗೆ ನೆನಪಿರಬೇಕೆಂಬುದನ್ನು ಅದರ ಅನುಯಾಯಿಗಳು ಹಲವರು ಮರೆಯುತ್ತಾರೆ. ಇಂದು ಒಬ್ಬನ ಖಡ್ಗಕ್ಕೆ ಬಗ್ಗಿದ ನಿಯಮ ನಾಳೆ ಇನ್ನೊಬ್ಬನ ಖಡ್ಗಕ್ಕೆ ಬಗ್ಗದಿದ್ದರೆ, ಅಥವಾ ಆಟಗಾರರಿಗೆ ಉಪಕರಿಸಿದ ತೀರ್ಪು ಅವರ ಶತ್ರುವಿಗೆ ಒದಗದಿದ್ದರೆ, ಅದು ಮುಖನೋಡಿ ಮಣೆ ಹಾಕುವ ನಡವಳಿಕೆಯೇ ಸರಿ. ಬ್ಲ್ಯಾಕ್‌ರೇಜರ್‌ನ ಹಸಿವನ್ನು ಮೂರನೆಯ ಬೈಠಕ್ಕಿಗೆ ಮರೆತುಬಿಡುವ ನಿರ್ವಾಹಕನ ಕೈಯಲ್ಲಿ ಆ ಖಡ್ಗವೂ ಇನ್ನೊಂದು 'ಪ್ಲಸ್' ಖಡ್ಗವಾಗುತ್ತದೆ. ಹಳೆಯ ಪಂಥ ಮಾಂಟಿಯರ ಮೇಲೆ ಹೊರಿಸಿದ ಆರೋಪದಲ್ಲಿ ನಿಲ್ಲುವುದು ಈ ಮರೆವೊಂದೇ. ಹೆಚ್ಚು ಕೊಟ್ಟರೆಂಬುದು ಅಪರಾಧವಲ್ಲ.