ಎಲ್ಲರ ಹೊಣೆ, ಯಾರ ಹೊಣೆ? : ಬೆರೆಂಟ್ ವರದಿಯ ಒಂದು ವಿಮರ್ಶೆ

ಆಸ್ಟ್ರೇಲಿಯದ ಮೊದಲ ವಿಶ್ವವಿದ್ಯಾಲಯವು ಸಿಡ್ನಿಯಲ್ಲಿ ಸ್ಥಾಪಿತವಾದುದು 1850ರಲ್ಲಿ; ಮೆಲ್ಬರ್ನಿನದು 1853ರಲ್ಲಿ. ಆ ನೆಲದ ಮೂಲನಿವಾಸಿಗಳಾದ ಅಬೊರಿಜಿನಲ್ ಜನರಲ್ಲಿ ಮಾರ್ಗರೆಟ್ ವಿಲಿಯಮ್ಸ್ ಎಂಬುವರು ಮೆಲ್ಬರ್ನಿನಲ್ಲಿ ಡಿಪ್ಲೊಮಾ ಪಡೆದುದು 1959ರಲ್ಲಿ. ಚಾರ್ಲ್ಸ್ ಪರ್ಕಿನ್ಸ್ ಸಿಡ್ನಿಯ ಪದವೀಧರರಾದುದು 1966ರಲ್ಲಿ. ನೂರು ವರ್ಷಗಳನ್ನೂ ಮೀರಿದ ಈ ವಿಳಂಬಕ್ಕೆ, ಮೂಲನಿವಾಸಿಗಳ ಮಕ್ಕಳಿಗೆ ಒಳ್ಳೆಯ ಶಾಲೆಯನ್ನೇ ದೊರಕಗೊಡದ ಸರಕಾರದ ನೀತಿಯು ಮೊದಲ ಕಾರಣವೆಂಬುದು ನಿಜ. ಆದರೆ ವಿಶ್ವವಿದ್ಯಾಲಯಗಳೂ ಅದನ್ನು ತಮ್ಮ ಪ್ರಶ್ನೆಯೆಂದು ಭಾವಿಸಲಿಲ್ಲವೆಂಬುದು ಅಷ್ಟೇ ನಿಜ. ಇಂದು ಭಾರತದಿಂದ ಸಹಸ್ರಾರು ವಿದ್ಯಾರ್ಥಿಗಳು ಇದೇ ವಿದ್ಯಾಲಯಗಳಿಗೆ ದೊಡ್ಡ ಮೊತ್ತದ ಶುಲ್ಕ ತೆತ್ತು ಹೋಗುತ್ತಿರುವರು. ಹೊರನಾಡ ಕನ್ನಡಿಗರ ಮನೆಗಳ ಮಕ್ಕಳೂ ಅವರಲ್ಲಿರುವರು. ಆ ನೆಲದ ಮಕ್ಕಳಿಗೆ ಅಲ್ಲಿ ದೊರೆತಿರುವ ಸ್ಥಾನವೇನೆಂಬುದು ಆದಕಾರಣ ನಮಗೂ ವಿಚಾರಣೀಯವಾದ ವಿಷಯ.

ಪ್ರಕೃತ ವಿಮರ್ಶೆಗೆ ಎತ್ತಿಕೊಂಡಿರುವುದು ಮೂಲನಿವಾಸಿಗಳ ಉಚ್ಚಶಿಕ್ಷಣವನ್ನು ಕುರಿತು 2012ರಲ್ಲಿ ಪ್ರಕಟವಾದ ಸರಕಾರೀ ಸಮೀಕ್ಷೆ. ಸಮಿತಿಯ ಅಧ್ಯಕ್ಷೆ ಲರಿಸ್ಸಾ ಬೆರೆಂಟ್ ಸ್ವತಃ ಅಬೊರಿಜಿನಲ್ ಕುಲದವರು, ನ್ಯಾಯಶಾಸ್ತ್ರದ ಪ್ರಾಧ್ಯಾಪಕರು. ವರದಿಯು ಮುಂದಿಡುವ ಅಂಕೆಗಳು ಮೂರು. 2010ರಲ್ಲಿ ಕೆಲಸಮಾಡುವ ವಯಸ್ಸಿನ ಜನರಲ್ಲಿ ಮೂಲನಿವಾಸಿಗಳ ಪಾಲು ಶೇಕಡ 2.2, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಲ್ಲಿ ಶೇಕಡ 1.4, ಅಧ್ಯಾಪಕವರ್ಗದಲ್ಲಿ ಶೇಕಡ 0.8 ಮಾತ್ರ. ಕಲಿಯುವವರಿಗಿಂತ ಕಲಿಸುವವರ ಕೊರತೆಯೇ ಹೆಚ್ಚೆಂಬುದು ಇದರಿಂದ ವಿದಿತವಾಗುತ್ತದೆ.

ವರದಿಯ ನಿಜವಾದ ಹೊಸತನವಿರುವುದು ಅಂಕೆಗಳಲ್ಲಲ್ಲ, ಹೊಣೆಯ ಸ್ಥಾನವನ್ನು ಬದಲಿಸಿದುದರಲ್ಲಿ. ಅಲ್ಲಿಯವರೆಗೆ ಬಹುತೇಕ ವಿದ್ಯಾಲಯಗಳಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದು ಒಂದು ಪ್ರತ್ಯೇಕ ಘಟಕವಿರುತ್ತಿತ್ತು. ಮನೆಯಿಂದ ನೂರಾರು ಮೈಲಿ ದೂರ ಬಂದ ತರುಣನಿಗೆ ಅಲ್ಲಿ ಪಾಠದ ನೆರವು, ವಸತಿಯ ವಿಚಾರಣೆ, ತನ್ನವರ ಮುಖದರ್ಶನ ದೊರೆಯುತ್ತಿದ್ದವು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಘಟಕವೊಂದು ಇದೆಯೆಂಬ ನೆಮ್ಮದಿಯಲ್ಲಿ ಉಳಿದ ಇಲಾಖೆಗಳು ಕೈಕಟ್ಟಿ ಕುಳಿತವು. ಗಣಿತದಲ್ಲಿ ಹಿಂದುಳಿದವನಿಗೆ ಗಣಿತದ ಇಲಾಖೆಯೇ ಉತ್ತರ ಹೇಳಬೇಕಲ್ಲದೆ ಘಟಕವು ಹೇಳಲಾರದು. ಕುಲಪತಿಗಳೂ ಡೀನರೂ ಸ್ವತಃ ಈ ಹೊಣೆಯನ್ನು ಹೊರಬೇಕು, ಇಡೀ ವಿದ್ಯಾಲಯವೇ ಇದರಲ್ಲಿ ತೊಡಗಬೇಕು ಎಂದು ವರದಿಯು ಸಾರಿದುದು ಈ ಕಾರಣದಿಂದಲೇ.

ಈ ಮಾತು ಮೆಚ್ಚತಕ್ಕದ್ದೇ. ಆದರೂ ಎರಡು ಆಕ್ಷೇಪಗಳಿಗೆ ಎಡೆಯಿದೆ.

ಮೊದಲನೆಯದು ಅಂಕೆಯ ಸ್ವರೂಪವನ್ನು ಕುರಿತದ್ದು. ಜನಸಂಖ್ಯೆಯ ಪಾಲಿಗೆ ಸಮನಾಗಿ ವಿದ್ಯಾರ್ಥಿಗಳಿರಬೇಕೆಂಬುದು ವರದಿಯ ಗುರಿ. ವರದಿಯ ನಂತರದ ದಶಕದೊಳಗೆ ಮೂಲನಿವಾಸಿ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ಆದರೆ ತಮ್ಮನ್ನು ಮೂಲನಿವಾಸಿಗಳೆಂದು ಹೇಳಿಕೊಳ್ಳುವವರೂ ಹೆಚ್ಚಿದರು. 2021ರ ಅಂದಾಜಿನಂತೆ ಅವರು ದೇಶದ ಜನಸಂಖ್ಯೆಯಲ್ಲಿ ಶೇಕಡ 3.8. ಅಳೆಯುವ ಕೋಲೇ ಹೀಗೆ ಬೆಳೆದುದರಿಂದ ಗುರಿಯು ಮತ್ತೆ ದೂರವಾಯಿತು. ಅದಕ್ಕಿಂತಲೂ ಗಂಭೀರವಾದುದು ಇನ್ನೊಂದಿದೆ. ಸೇರಿದವರಲ್ಲಿ ಒಂಬತ್ತು ವರ್ಷಗಳೊಳಗೆ ಪದವಿ ಮುಗಿಸಿದವರು ಸರಿಸುಮಾರು ಅರ್ಧದಷ್ಟು. ಉಳಿದ ಆಸ್ಟ್ರೇಲಿಯನ್ನರಲ್ಲಿ ಈ ಪ್ರಮಾಣ ಹತ್ತಕ್ಕೆ ಏಳರಷ್ಟು. ಪ್ರವೇಶದ ಸಂಖ್ಯೆಯನ್ನು ಮಾತ್ರ ತೋರಿಸುವ ವಾರ್ಷಿಕ ವರದಿಯು ಜಮೆಯನ್ನು ಬರೆದು ಖರ್ಚನ್ನು ಮರೆತ ಲೆಕ್ಕದ ಪುಸ್ತಕದಂತೆ. ನಡುವೆ ಬಿಟ್ಟುಹೋದವನು ಪದವಿಯಿಲ್ಲದೆ, ಶುಲ್ಕದ ಸಾಲವನ್ನು ಮಾತ್ರ ಹೊತ್ತು ಊರಿಗೆ ಮರಳುತ್ತಾನೆ.

ಎರಡನೆಯ ಆಕ್ಷೇಪವು ಹೊಣೆಯನ್ನೇ ಕುರಿತದ್ದು. ಎಲ್ಲರ ಹೊಣೆ ಎಂದೊಡನೆ ಅದು ಯಾರ ಹೊಣೆಯೂ ಆಗದೆ ಹೋಗುವ ಅಪಾಯವುಂಟು. ಕುಲಪತಿಯು ಸಭೆಯ ಆರಂಭದಲ್ಲಿ ಆ ನೆಲದ ಹಿರಿಯರನ್ನು ಸ್ಮರಿಸುವುದು ಅಲ್ಲಿ ಇಂದು ಸಂಪ್ರದಾಯವಾಗಿದೆ. ಹಲವು ವಿದ್ಯಾಲಯಗಳು ಮೂಲನಿವಾಸಿಗಳ ವ್ಯವಹಾರಕ್ಕೆಂದೇ ಉನ್ನತಾಧಿಕಾರಿಗಳನ್ನು ನೇಮಿಸಿವೆ. ಇವೆಲ್ಲ ಸಮುಚಿತವೇ. ಆದರೆ ಅಂಥ ಅಧಿಕಾರಿಗೆ ಹಣದ ಮೇಲೂ ನೇಮಕಗಳ ಮೇಲೂ ಅಧಿಕಾರವಿಲ್ಲದಿದ್ದರೆ ಹಳೆಯ ಘಟಕವೇ ಮೇಲಿನ ಮಹಡಿಗೆ ಬಂದಂತಾಯಿತು, ಅಷ್ಟೇ. ವರದಿಯು ಹೊಣೆಯನ್ನು ಹಂಚಿದಷ್ಟು ದಿಟ್ಟವಾಗಿ ಹೊಣೆತಪ್ಪಿದವರನ್ನು ಕೇಳುವ ಬಗೆಯನ್ನು ಹೇಳಲಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದುದು 2017ರಲ್ಲಿ ಜಾರಿಗೆ ಬಂದ ಅನುದಾನದ ಕ್ರಮ. ಅದರಂತೆ ಹಣವು ಎಷ್ಟು ಮಂದಿ ಸೇರಿದರೆಂಬುದನ್ನು ಮಾತ್ರವಲ್ಲದೆ, ಎಷ್ಟು ವಿಷಯಗಳಲ್ಲಿ ಉತ್ತೀರ್ಣರಾದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದನ್ನೂ ನೋಡಿ ಹಂಚಿಕೆಯಾಗತೊಡಗಿತು. ಅದರ ವಿನಿಯೋಗದಲ್ಲಿ ಮೂಲನಿವಾಸಿಗಳ ಮೇಲ್ವಿಚಾರಣೆಯೂ ಕಡ್ಡಾಯವಾಯಿತು. ಸದುದ್ದೇಶಕ್ಕೆ ಲೆಕ್ಕಪರಿಶೋಧನೆ ಜೊತೆಗೂಡಿದುದು ಇಲ್ಲಿ.

ನಾಯಕತ್ವವೆಂದರೇನೆಂಬುದಕ್ಕೆ ವರದಿಗಿಂತ ಹಳೆಯದಾದ ಒಂದು ನಿದರ್ಶನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ವೈದ್ಯಶಾಲೆ. ದೇಶದ ಮೊದಲ ಅಬೊರಿಜಿನಲ್ ವೈದ್ಯೆ ಹೆಲನ್ ಮಿಲ್‌ರಾಯ್ ಪಶ್ಚಿಮ ಆಸ್ಟ್ರೇಲಿಯದಲ್ಲಿ ಪದವಿ ಪಡೆದುದು 1983ರಷ್ಟು ಈಚೆಗೆ. ನ್ಯೂಕ್ಯಾಸಲ್ ಆ ದಶಕದ ನಡುವಿನಲ್ಲಿಯೇ ಮೂಲನಿವಾಸಿಗಳಿಗೆ ಬೇರೊಂದು ಪ್ರವೇಶಮಾರ್ಗವನ್ನು ತೆರೆದು, ಒಳಬಂದವರ ಬೆನ್ನಿಗೆ ನಿಂತಿತು. ಬಾಗಿಲು ಬೇರೆ, ಪದವಿ ಒಂದೇ. ಫಲವಾಗಿ ದೇಶದ ಮೂಲನಿವಾಸಿ ವೈದ್ಯರಲ್ಲಿ ದೊಡ್ಡದೊಂದು ಪಾಲು ಅಲ್ಲಿಂದಲೇ ಹೊರಬಂದಿತು. ಯೋಗ್ಯತೆ ಕುಸಿಯುವುದೆಂದು ಅಂಜುವವರಿಗೆ ಇದಕ್ಕಿಂತ ಮಿಗಿಲಾದ ಉತ್ತರ ಬೇಕಿಲ್ಲ.

ಕುಲಪತಿಗಳ ಶಕ್ತಿಗೂ ಮಿತಿಯುಂಟೆಂಬುದನ್ನು ಒಪ್ಪಬೇಕು. 2021ರಲ್ಲಿ ಸರಕಾರವು ಗ್ರಾಮಾಂತರ ಮತ್ತು ದೂರಪ್ರದೇಶಗಳ ಮೂಲನಿವಾಸಿಗಳಿಗೆ, 2024ರಲ್ಲಿ ನಗರವಾಸಿಗಳಿಗೂ, ಆಗ ವೈದ್ಯಕೀಯವೊಂದನ್ನು ಬಿಟ್ಟು, ಅರ್ಹರಾದವರಿಗೆಲ್ಲ ಸರಕಾರದ ಧನಸಹಾಯವಿರುವ ಸ್ಥಾನಗಳನ್ನು ಖಾತರಿಮಾಡಿತು. ಅದೇ 2021ರಲ್ಲಿ ಮಾನವಿಕ ವಿಷಯಗಳ ಹಲವು ಶಾಖೆಗಳ ಶುಲ್ಕವು ಶೇಕಡ 113ರಷ್ಟು ಏರಿತು. ಬಾಗಿಲನ್ನು ಅಗಲಿಸಿದ ಕೈಯೇ ಒಳಗಿನ ಬೆಲೆಯನ್ನು ಏರಿಸಿದಂತಾಯಿತು. 2024ರ ವಿಶ್ವವಿದ್ಯಾಲಯ ಒಡಂಬಡಿಕೆಯ ವರದಿಯು ಈ ಏರಿಕೆಯನ್ನು ಅನ್ಯಾಯವೆಂದು ಎಣಿಸಿ ತ್ವರಿತ ಪರಿಹಾರವನ್ನು ಬಯಸಿತು. ಇಂಥ ಸಂದರ್ಭದಲ್ಲಿ ಸರಕಾರದ ಮುಂದೆ ಬಾಯಿಬಿಟ್ಟು ಮಾತನಾಡುವುದೂ ಕುಲಪತಿಯ ಕರ್ತವ್ಯವೇ ಆಗಿದೆ.

ಒಟ್ಟಿನಲ್ಲಿ ಬೆರೆಂಟ್ ವರದಿಯು ಪ್ರಶ್ನೆಯನ್ನು ಸರಿಯಾದ ಮೇಜಿನ ಮೇಲೆ ಇಟ್ಟಿತು. ಉತ್ತರವನ್ನು ಕೇಳಿ ಪಡೆಯುವ ಕೆಲಸವನ್ನು ಮುಂದಿನವರಿಗೆ ಬಿಟ್ಟಿತು. ಯಾವ ಕುಲಪತಿಯ ಸದಿಚ್ಛೆಯನ್ನಾದರೂ ಅಳೆಯಬೇಕೆಂದಿರುವವರು ಅವರ ಭಾಷಣಗಳನ್ನು ಬದಿಗಿಟ್ಟು ಮೂರು ವಿಷಯಗಳನ್ನು ವಿಚಾರಿಸುವುದು ಲೇಸು: ಕಳೆದ ವರ್ಷ ಎಷ್ಟು ಮಂದಿ ಮೂಲನಿವಾಸಿಗಳು ಪದವಿ ಮುಗಿಸಿದರು, ಅವರಿಗೆ ಪಾಠ ಹೇಳಿದವರಲ್ಲಿ ಮೂಲನಿವಾಸಿಗಳು ಎಷ್ಟು ಮಂದಿ, ಅವರಿಗೆಂದು ಬಂದ ಹಣವನ್ನು ಖರ್ಚುಮಾಡುವಾಗ ಸಹಿ ಹಾಕಿದವರು ಯಾರು.